ಒಮಾನಿನಲ್ಲಿ ಡ್ರಾಪ್ ಕೇಳುವುದು ಹೇಗೆ

ನಾನು ಡ್ರಾಪ್ ಕೇಳೋದು ಕಲಿತದ್ದು ತುಮಕೂರು ರಸ್ತೆಯ ಎಂಟನೇ ಮೈಲಿಯಲ್ಲಿ. ಪೀಣ್ಯದಲ್ಲಿ ಸೆಕೆಂಡ್ ಶಿಫ್ಟ್ ಮುಗಿಯೋ ಹೊತ್ತಿಗೆ ಬಸ್ ಸಿಗುತ್ತಿರಲಿಲ್ಲ. "ಅಣ್ಣಾ, ನೆಲಮಂಗಲ" ಅಂದರೆ ಯಾವುದಾದರೂ ಲಾರಿ ನಿಲ್ಲುತ್ತಿತ್ತು. ಇಳಿಯುವಾಗ ಇಪ್ಪತ್ತು ರೂಪಾಯಿ ಕೊಟ್ಟರೆ ಆಯಿತು. ಅದೇ ಧೈರ್ಯದಲ್ಲಿ ಹೋದ ಡಿಸೆಂಬರ್‌ನಲ್ಲಿ ಒಮಾನಿಗೆ ಹೋಗಿ ಹನ್ನೊಂದು ದಿನ ಸುತ್ತಿ ಬಂದೆ. ಶಿಫ್ಟಿನ ಹುಡುಗರು ಈಗಲೂ "ಹೆಂಗೆ ಮಾಡಿದ್ರಿ ಸಾರ್" ಅಂತ ಬಿಡುತ್ತಿಲ್ಲ. ಅದಕ್ಕೇ ಇದು.

ಮೊದಲು, ರಸ್ತೆಯ ಯಾವ ಬದಿ ಅಂತ ನೋಡಿಕೊಳ್ಳಿ. ನಗಬೇಡಿ. ಅಲ್ಲಿ ಗಾಡಿ ಓಡೋದು ಬಲಗಡೆ. ನಿಜ್ವಾ ಊರಾಚೆ ನಾನು ಅಭ್ಯಾಸಬಲದಲ್ಲಿ ಎಡಕ್ಕೆ ನಿಂತು ನಲವತ್ತು ನಿಮಿಷ ಕೈ ಅಡ್ಡ ಹಾಕಿದೆ. ಕೊನೆಗೆ ಚಹಾ ಅಂಗಡಿಯ ಮಲಯಾಳಿ ಚೇಟ ಹೊರಗೆ ಬಂದು, ನೀವು ನಿಲ್ಲಿಸುತ್ತಿರೋದೆಲ್ಲ ಮಸ್ಕತ್‌ಗೆ ವಾಪಸ್ ಹೋಗೋ ಗಾಡಿ ಅಂದ.

ಹೆಬ್ಬೆರಳು ಎತ್ತಬೇಡಿ. ಅರಬ್ ನಾಡಿನ ಕೆಲವು ಕಡೆ ಅದು ಒಳ್ಳೆಯ ಸನ್ನೆ ಅಲ್ಲ. ಸ್ಟಾಪ್ ಇಲ್ಲದ ಕಡೆ ಬಿಎಂಟಿಸಿ ಬಸ್ಸಿಗೆ ಅಂಗೈ ಕೆಳಗೆ ಮಾಡಿ ಕೈ ಆಡಿಸುತ್ತೇವಲ್ಲ, ಹಾಗೇ ಮಾಡಿ. ಸಾಕು.

ಮಸ್ಕತ್ ಒಳಗೆ ನಿಂತರೆ ಸುಮ್ನೆ ಟೈಂ ವೇಸ್ಟ್. ನಿಜ್ವಾ ಕಡೆಗೆ ಹೋಗುವವರು ಬುರ್ಜ್ ಅಲ್ ಸಹ್ವಾ ಗಡಿಯಾರ ಗೋಪುರದ ಸರ್ಕಲ್ ದಾಟಿ ಮುಂದೆ ನಡೆಯಿರಿ. ಸರ್ಕಲ್‌ನಲ್ಲೇ ನಿಂತರೆ ಕಿತ್ತಳೆ-ಬಿಳಿ ಟ್ಯಾಕ್ಸಿಗಳು ಮುತ್ತಿಕೊಳ್ಳುತ್ತವೆ, ನಮ್ಮ ಮೆಜೆಸ್ಟಿಕ್ ಆಟೋಗಳ ಥರ. ಊರಾಚೆ ಪೆಟ್ರೋಲ್ ಬಂಕೇ ಒಳ್ಳೆ ಜಾಗ. ನೆರಳು, ನೀರು, ಮಾತಾಡಿಸಲು ಪುರುಸೊತ್ತು, ಮೂರೂ ಇರುತ್ತೆ.

ಇನ್ನು ದುಡ್ಡಿನ ಮಾತು. ಎಡವಟ್ಟಾಗೋದು ಇಲ್ಲೇ. ನಮ್ಮ ಮುಖ ನೋಡಿದರೆ ಅವರಿಗೆ ಟೂರಿಸ್ಟ್ ಅನ್ನಿಸಲ್ಲ, ಅಲ್ಲೇ ಕೆಲಸಕ್ಕಿರುವವನು ಅನ್ನಿಸುತ್ತೆ. ಹಂಚಿಕೊಂಡು ಹೋಗೋ ಟ್ಯಾಕ್ಸಿ ಕಾಯುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಹಾಗಾಗಿ ಹತ್ತೋ ಮುಂಚೆ ಕಿಟಕಿಯಲ್ಲೇ ಹೇಳಿ: "ಅಸ್ಸಲಾಮು ಅಲೈಕುಂ. ಅನಾ ಸಾಯಿಹ್. ಬಿದೂನ್ ಫುಲೂಸ್?" ನಾನು ಪ್ರವಾಸಿ, ದುಡ್ಡಿಲ್ಲದೆ ಬರಬಹುದಾ ಅಂತ ಅರ್ಥ. ಒಪ್ಪಿದವರಿಗೆ ಇಳಿಯುವಾಗ ನೋಟು ಚಾಚಬೇಡಿ, ಬೇಜಾರು ಮಾಡಿಕೊಳ್ಳುತ್ತಾರೆ. ಎಂಟನೇ ಮೈಲಿಯ ಲೆಕ್ಕ ಅಲ್ಲಿ ನಡೆಯಲ್ಲ. "ಶುಕ್ರನ್" ಅಂದು ಎದೆ ಮೇಲೆ ಕೈ ಇಡಿ. ಲಾರಿಯವರಲ್ಲಿ ಪಾಕಿಸ್ತಾನದವರು, ನಮ್ಮವರು ಜಾಸ್ತಿ. ಅವರ ಹತ್ತಿರ ಹಿಂದಿ ನಡೆಯುತ್ತೆ.

ನಾನು ಶುಕ್ರವಾರ ಬೆಳಿಗ್ಗೆ ನಿಜ್ವಾದ ಮೇಕೆ ಸಂತೆ ನೋಡಿ ಬಹ್ಲಾ ಕೋಟೆಗೆ ಹೊರಟಿದ್ದೆ. ನಲವತ್ತು ಕಿಲೋಮೀಟರ್ ಇರಬಹುದು. ಒಬ್ಬ ಮುದುಕಪ್ಪನ ಪಿಕಪ್ ನಿಂತಿತು. ಹಿಂದೆ ಎರಡು ಮೇಕೆ. ಬ್ಯಾಗ್ ಅಲ್ಲೇ ಇಟ್ಟೆ, ತಪ್ಪು ಮಾಡಿದೆ. ಒಂದು ಮೇಕೆ ಪಟ್ಟಿ ಜಗಿದು ಹಾಕಿತು. ಬಹ್ಲಾ ಬಂತು, ಹೋಯಿತು, ಗಾಡಿ ನಿಲ್ಲಲೇ ಇಲ್ಲ. ಎದೆ ಡವಡವ. ನಿಂತದ್ದು ಅವರ ಮನೆ ಮುಂದೆ. ಚಾಪೆ ಹಾಸಿದರು. ಖರ್ಜೂರ, ಏಲಕ್ಕಿ ಹಾಕಿದ ಕಹ್ವಾ ಅನ್ನೋ ಕಾಫಿ. ಹಿಡಿ ಇಲ್ಲದ ಪುಟ್ಟ ಬಟ್ಟಲು, ಎರಡು ಗುಟುಕಿಗೆ ಖಾಲಿ. ಖಾಲಿಯಾದ ತಕ್ಷಣ ಮೊಮ್ಮಗ ಮತ್ತೆ ಬಗ್ಗಿಸುತ್ತಾನೆ. "ಸಾಕು" ಅಂದರೆ ಕೇಳಲ್ಲ. ಏಳನೇ ಬಟ್ಟಲಿಗೆ ಅಜ್ಜನೇ ನಗುತ್ತಾ ತೋರಿಸಿಕೊಟ್ಟ: ಬಟ್ಟಲನ್ನು ಎರಡು ಬೆರಳಲ್ಲಿ ಹಿಡಿದು ಆ ಕಡೆ ಈ ಕಡೆ ಅಲ್ಲಾಡಿಸಿ ವಾಪಸ್ ಕೊಡಬೇಕು. ಆಗಲೇ ನಿಲ್ಲಿಸುವುದು. ಬಲಗೈಯಲ್ಲೇ, ನೆನಪಿರಲಿ. ಊಟವಾದ ಮೇಲೆ ಮೊಮ್ಮಗ ಕೋಟೆ ಬಾಗಿಲವರೆಗೂ ಬಿಟ್ಟ. ಆದ್ದರಿಂದ ಒಂದು ದಿನಕ್ಕೆ ಎರಡು ಊರು ಅಂತ ಪ್ಲಾನ್ ಹಾಕಬೇಡಿ.

ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ರಸ್ತೆ ಬಿಕೋ ಅನ್ನುತ್ತೆ, ಆಗ ನಿಲ್ಲಬೇಡಿ. ರಂಜಾನ್ ತಿಂಗಳಲ್ಲಿ ಹಗಲು ರಸ್ತೆಯಲ್ಲಿ ನೀರೂ ಕುಡಿಯಬೇಡಿ. ಮೇ, ಜೂನ್‌ನಲ್ಲಿ ಹೋಗಲೇಬೇಡಿ, 45 ಡಿಗ್ರಿ ದಾಟುತ್ತೆ. ಗಂಡಸರು ಒಬ್ಬರೇ ಇದ್ದರೆ, ಹೆಂಗಸರಿರುವ ಕಾರಿಗೆ ಕೈ ಅಡ್ಡ ಹಾಕುವ ಗೋಜು ಬೇಡ. ಹೆಂಗಸರು ಒಬ್ಬರೇ ಹೀಗೆ ಹೋಗಿ ಅಂತ ನಾನು ಹೇಳಲಾರೆ.

ಜಬಲ್ ಅಖ್ದರ್ ಬೆಟ್ಟಕ್ಕೆ ಮಾತ್ರ ಡ್ರಾಪೇ ಸುಲಭ. ಬಿರ್ಕತ್ ಅಲ್ ಮೌಜ್ ಹತ್ತಿರ ಪೊಲೀಸ್ ತಪಾಸಣೆ ಇದೆ. ಫೋರ್ ವೀಲ್ ಡ್ರೈವ್ ಇಲ್ಲದ ಗಾಡಿಯನ್ನು ಮೇಲೆ ಬಿಡಲ್ಲ. ಮೇಲೆ ಹೋಗೋ ಗಾಡಿಗಳೆಲ್ಲ ಅಲ್ಲಿ ನಿಧಾನ ಮಾಡಲೇಬೇಕು.

ಇನ್ನೊಂದು. ಹತ್ತೋ ಮುಂಚೆ ನಂಬರ್ ಪ್ಲೇಟ್ ಫೋಟೋ ತೆಗೆದು ಮನೆಗೆ ಕಳಿಸಿ. ಅಲ್ಲಿ ತುರ್ತು ನಂಬರ್ 9999. ಬೋರ್ಡುಗಳಲ್ಲಿ ಅರಬಿ ಅಂಕಿ ಓದುವಾಗ ಹುಷಾರು. ಅವರ ಐದು ನಮ್ಮ ಕನ್ನಡದ ಸೊನ್ನೆ ಇದ್ದ ಹಾಗೇ ಇದೆ, ಅವರ ಸೊನ್ನೆ ಬರೀ ಒಂದು ಚುಕ್ಕಿ. ಅಂಗಡಿಯ ಬೆಲೆ ಚೀಟಿಯಲ್ಲಿ ಐದನ್ನು ಸೊನ್ನೆ ಅಂತ ಓದಿಕೊಂಡು ನಾನು ಆ ಚೇಟನ ಹತ್ತಿರ ಚೌಕಾಸಿಗೆ ನಿಂತಿದ್ದೆ.