‘ಡಿವೌರ್’: ಯಾರ ಊಟಕ್ಕೆ ಹೇಳಬಹುದು, ಯಾರದಕ್ಕೆ ಬಾರದು

ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯ ಅಧಿಕಾರಿಯೊಬ್ಬರು ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಮರುದಿನ ಅವರಿಗೆ ಇಂಗ್ಲಿಷಿನಲ್ಲಿ ಕೃತಜ್ಞತೆಯ ಪತ್ರ ಬರೆಯಲು ಕುಳಿತೆ. ‘ಈಟ್’ ತೀರಾ ಸಪ್ಪೆಯೆನಿಸಿ ನಿಘಂಟು ತೆರೆದರೆ, ‘ಡಿವೌರ್: ಆತುರದಿಂದ ತಿನ್ನು’ ಎಂದಿತ್ತು. ನೀವು ಊಟವನ್ನು ‘ಡಿವೌರ್’ ಮಾಡಿದ್ದನ್ನು ಕಂಡು ನಮಗೆಲ್ಲ ಸಂತೋಷವಾಯಿತು ಎಂಬರ್ಥದ ವಾಕ್ಯ ಹೊಸೆದು ಕಳಿಸಿಯೇಬಿಟ್ಟೆ. ಅವರು ಎದುರಾದಾಗ ನಗುತ್ತಾ, “ನಾನು ಅಷ್ಟೊಂದು ಮುಕ್ಕಿದೆನೇನಯ್ಯಾ?” ಎಂದರು.

ಈಗ ಅನುವಾದವೇ ನನ್ನ ಹೊಟ್ಟೆಪಾಡು. ಈ ಪದ ಎದುರಾದಾಗಲೆಲ್ಲ ಮೊದಲು ಕೇಳಿಕೊಳ್ಳುವುದು ಒಂದೇ: ಯಾರು, ಯಾರನ್ನು ಕುರಿತು ಹೇಳುತ್ತಿದ್ದಾರೆ? ಆಟ ಮುಗಿಸಿ ಬಂದ ಮಗುವನ್ನು ಕುರಿತು ತಾಯಿ ಹೇಳಿದರೆ ಅದರಲ್ಲಿ ಅಕ್ಕರೆಯಿದೆ; ‘ಗಬಗಬನೆ ತಿಂದಿತು’ ಎಂದು ಬರೆಯುತ್ತೇನೆ. ಹುಲಿ ಜಿಂಕೆಯನ್ನು ತಿಂದದ್ದಕ್ಕೆ ‘ಕಬಳಿಸಿತು’ ಸರಿ. ನಮ್ಮ ಬಗ್ಗೆ ನಾವೇ ಹೇಳಿಕೊಂಡರೆ ಅದು ತಮಾಷೆ. ಗೌರವಿಸಬೇಕಾದ ಅತಿಥಿಗೆ ಮಾತ್ರ ಬೇಡ. ಏಕೆಂದರೆ ಪದ ಹೇಳುವುದು ರುಚಿಯ ಮಾತನ್ನಲ್ಲ, ಹಸಿವು, ವೇಗ ಮತ್ತು ತಟ್ಟೆ ಬರಿದಾದದ್ದನ್ನು.

ಬೇರಿನಲ್ಲೇ ಆ ಗುಣವಿದೆ. ಲ್ಯಾಟಿನ್ನಿನ ‘ವೊರಾರೆ’ ಎಂದರೆ ನುಂಗುವುದು. ಅದಕ್ಕೆ ‘ಡೆ’ ಸೇರಿದ ರೂಪ ಫ್ರೆಂಚ್ ದಾರಿಯಾಗಿ ಇಂಗ್ಲಿಷಿಗೆ ಬಂತು. ‘ಕಾರ್ನಿವೋರ್’ (ಮಾಂಸಾಹಾರಿ), ‘ಹರ್ಬಿವೋರ್’ (ಸಸ್ಯಾಹಾರಿ) ಇದರ ದಾಯಾದಿಗಳೇ. ಆದರೆ ಅವುಗಳಂತೆ ಇದನ್ನು ‘ಡಿವೋರ್’ ಎನ್ನಬಾರದು. ‘ಪವರ್’, ‘ಟವರ್’ಗಳಿಗೆ ಪ್ರಾಸವಾಗುವಂತೆ, ಎರಡನೆಯ ಭಾಗಕ್ಕೆ ಒತ್ತು ಕೊಟ್ಟು ಹೇಳಬೇಕು. ಭೂತಕಾಲದಲ್ಲಿ ‘ಡಿವೋರ್ಡ್’ ಎಂದುಬಿಟ್ಟರೆ ಅದು ‘ಡಿವೋರ್ಸ್ಡ್’ ಎಂಬಂತೆ ಕೇಳಿಸಿ, ಕೇಳಿದವರು ಅನ್ನಕ್ಕೂ ವಿಚ್ಛೇದನಕ್ಕೂ ಏನು ಸಂಬಂಧವೆಂದು ಯೋಚಿಸಬೇಕಾಗುತ್ತದೆ.

ವಾಕ್ಯದಲ್ಲಿ ಇದಕ್ಕೆ ಕರ್ಮಪದ ಬೇಕೇ ಬೇಕು. ‘ಹಿ ಈಟ್ಸ್’ ಎಂದು ನಿಲ್ಲಿಸಬಹುದು, ‘ಹಿ ಡಿವೌರ್ಸ್’ ಎಂದು ನಿಲ್ಲಿಸಿದರೆ ಏನನ್ನು ಎಂಬ ಪ್ರಶ್ನೆ ಬಾಯಿ ತೆರೆದುಕೊಂಡೇ ಇರುತ್ತದೆ. ಪಕ್ಕದಲ್ಲಿ ‘ಬೇಗನೆ’ ಎಂದು ಸೇರಿಸುವುದು ದಂಡ. ನೀರು, ಕಾಫಿಗೆ ಇದು ಒಗ್ಗದು, ಅಲ್ಲಿ ಗಟಗಟನೆ ಕುಡಿಯುವ ‘ಗಲ್ಪ್’ ಇದೆ. ಗಬಗಬನೆ ತಿನ್ನುವುದಕ್ಕೇ ಇರುವ, ತೋಳದಿಂದ ಬಂದ ‘ವುಲ್ಫ್’ ಕ್ರಿಯಾಪದಕ್ಕೆ ಸಾಮಾನ್ಯವಾಗಿ ‘ಡೌನ್’ ಬಾಲವಿರುತ್ತದೆ. ಡಿವೌರ್‌ಗೆ ಬಾಲ ಬೇಡ. ಇದೇ ಅರ್ಥದ ‘ಸ್ಕಾಫ್’ ಬ್ರಿಟಿಷರ ಆಡುಮಾತು. ಅದರ ಮುಂದೆ ‘ಆಟ್’ ಸೇರಿದರೆ ತಿನ್ನುವುದು ಹೋಗಿ ಲೇವಡಿ ಮಾಡುವುದಾಗುತ್ತದೆ.

ಊಟದಾಚೆಗಿನ ಬಳಕೆಗಳೇ ನನಗೆ ಹೆಚ್ಚು ಇಷ್ಟ. ಪುಸ್ತಕವನ್ನು ಡಿವೌರ್ ಮಾಡುವುದೆಂದರೆ ಕೆಳಗಿಡದೆ ಓದುವುದು. ಬಹಳ ದಿನ ‘ಆಸಕ್ತಿಯಿಂದ ಓದಿದಳು’ ಎಂದೇ ಬರೆಯುತ್ತಿದ್ದೆ, ನಾಚಿಕೆಯಾಗುತ್ತದೆ. ‘ಒಂದೇ ಗುಕ್ಕಿಗೆ ಓದಿ ಮುಗಿಸಿದಳು’ ಎಂಬ ಮಾತು ನಮ್ಮಲ್ಲೇ ಇದೆಯಲ್ಲ! ಗುಕ್ಕು ಎಂದರೆ ಬಾಯಿ ತುಂಬುವಷ್ಟು ತುತ್ತು. ಓದನ್ನು ತಿನ್ನುವ ಕಲ್ಪನೆ ನಮಗೇನೂ ಹೊಸದಲ್ಲ. ಬೆಂಕಿ ಕಾಡನ್ನು ಡಿವೌರ್ ಮಾಡಿತೆಂದಾಗಲೂ ಅಷ್ಟೇ. ಕೆನ್ನಾಲಿಗೆಯುಳ್ಳ ಬೆಂಕಿ ಕನ್ನಡದಲ್ಲಿ ಆಗಲೇ ಉಣ್ಣಲು ಕುಳಿತಿದೆ, ‘ನುಂಗಿತು’ ಎಂದರೆ ಸಾಕು. ಅಸೂಯೆ ಅವನನ್ನು ಡಿವೌರ್ ಮಾಡುತ್ತಿತ್ತು ಎಂಬಲ್ಲಿ ಮಾತ್ರ ವೇಗವಿಲ್ಲ. ‘ಒಳಗೊಳಗೇ ತಿನ್ನುತ್ತಿತ್ತು’ ಹೊಂದುತ್ತದೆ.

ಹಿಮ್ಮುಖವಾಗಿ ಹೋಗುವಾಗ ಒಂದು ಗುಂಡಿ ಇದೆ. ‘ಜಮೀನು ಕಬಳಿಸಿದ’ ಎಂಬುದನ್ನು ಇಂಗ್ಲಿಷಿಗೆ ತರುವಾಗ ಡಿವೌರ್ ಬಳಸಿದರೆ ಅವನು ಮಣ್ಣು ತಿಂದಂತಾಗುತ್ತದೆ. ಅಲ್ಲಿಗೆ ‘ಗ್ರ್ಯಾಬ್’ ಸರಿ.

ಆ ಪತ್ರವನ್ನು ಈಗ ಬರೆಯುವುದಾದರೆ ಅತಿಥಿಗೆ ‘ಎಂಜಾಯ್’ ಕೊಟ್ಟು, ಡಿವೌರ್ ಅನ್ನು ನನಗೇ ಇಟ್ಟುಕೊಳ್ಳುತ್ತಿದ್ದೆ: ತಾವು ಹೊರಟ ಮೇಲೆ ಉಳಿದದ್ದನ್ನೆಲ್ಲ ‘ಐ ಡಿವೌರ್ಡ್’.