ಜಗಳದ ಮೀಟಿಂಗಿನಲ್ಲಿ ಉಸಿರು ಗಮನಿಸುವುದು ಹೇಗೆ

ನಿವಾಸಿಗಳ ಸಂಘದ ಸಭೆಗಳನ್ನು ನಡೆಸಿಕೊಡುವ ಕೆಲಸ ನನ್ನದು. ನೀರು, ಪಾರ್ಕಿಂಗ್, ಲೆಕ್ಕಪತ್ರ, ಯಾವುದರ ಮಾತೆತ್ತಿದರೂ ದನಿ ಏರುತ್ತದೆ. ಒಬ್ಬರೇ ಕೂತು ಧ್ಯಾನ ಮಾಡುವಾಗ ಎದುರುತ್ತರ ಕೊಡುವವರು ಇರುವುದಿಲ್ಲ. ಇಲ್ಲಿ ಇರುತ್ತಾರೆ. ಅದಕ್ಕೇ ಮೈಂಡ್‌ಫುಲ್‌ನೆಸ್ ಅಭ್ಯಾಸಕ್ಕೆ, ಅಂದರೆ ಈ ಕ್ಷಣ ನಡೆಯುತ್ತಿರುವುದನ್ನು ತೀರ್ಪು ಕೊಡದೆ ಗಮನಿಸುವ ಅಭ್ಯಾಸಕ್ಕೆ, ಸಭೆಯಷ್ಟು ಒಳ್ಳೆಯ ಜಾಗ ಇಲ್ಲ ಎಂದು ನಾನು ನಂಬಿದ್ದೇನೆ.

ಮೊದಲು ಒಪ್ಪಿಗೆ ಕೇಳಿ. ಸಭೆಯ ಸೂಚನೆಯಲ್ಲೇ ‘ಆರಂಭದಲ್ಲಿ ಎರಡು ನಿಮಿಷ ಮೌನ, ಬೇಡವಾದವರು ಆಮೇಲೆ ಬರಬಹುದು’ ಎಂದು ಬರೆಯಿರಿ. ಬ್ರಿಟನ್ನಿನ ಶಾಲೆಗಳಲ್ಲಿ 8,000ಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡ ‘ಮಿರಿಯಡ್’ ಅಧ್ಯಯನದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಇಡೀ ತರಗತಿಗೆ ಮೈಂಡ್‌ಫುಲ್‌ನೆಸ್ ಕಲಿಸಿದರೂ, ಶಾಲೆಗಳಲ್ಲಿ ಮೊದಲಿನಿಂದ ಇದ್ದ ಪಾಠಗಳಿಗಿಂತ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಬಹಳಷ್ಟು ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ಮನಸ್ಸಿಲ್ಲದವರನ್ನು ಕೂರಿಸಿ ಪ್ರಯೋಜನವಿಲ್ಲ.

ಮೌನಕ್ಕೆ ಹೆಚ್ಚಿನ ಸೂಚನೆ ಬೇಕಿಲ್ಲ. ಪಾದ ನೆಲಕ್ಕೆ ತಾಗಿರಲಿ, ಉಸಿರು ಬಂದು ಹೋಗುವುದನ್ನು ಗಮನಿಸಿ, ಗಮನ ಜಾರಿದರೆ ಮರಳಿ ತನ್ನಿ, ಅಷ್ಟೇ. ಕಣ್ಣು ಮುಚ್ಚಲೇಬೇಕೆಂದು ಹೇಳಬೇಡಿ. ಹಳೆಯ ಆಘಾತ ಹೊತ್ತವರಿಗೆ ಅದು ಹಿಂಸೆಯಾದೀತು. ಜಾನ್ ಕಬಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಆರಂಭಿಸಿದ ಮೈಂಡ್‌ಫುಲ್‌ನೆಸ್ ತರಬೇತಿ 8 ವಾರಗಳದ್ದು. ಅದರ ಫಲವನ್ನು ಎರಡು ನಿಮಿಷದಿಂದ ಬಯಸಬೇಡಿ.

ನಿಜವಾದ ಕೆಲಸ ಬಾರಿಸುವ ಗಂಟೆಯದ್ದು. ವಿಯೆಟ್ನಾಮಿನ ಬೌದ್ಧ ಗುರು ಥಿಚ್ ನಾಟ್ ಹಾನ್ 1982ರಲ್ಲಿ ಫ್ರಾನ್ಸಿನಲ್ಲಿ ಸ್ಥಾಪಿಸಿದ ಧ್ಯಾನಾಶ್ರಮವಾದ ಪ್ಲಮ್ ವಿಲೇಜ್‌ನಲ್ಲಿ ಗಂಟೆ ಕೇಳಿದೊಡನೆ ಎಲ್ಲರೂ ಮಾಡುತ್ತಿದ್ದುದನ್ನು ನಿಲ್ಲಿಸಿ ಉಸಿರಿಗೆ ಮರಳುತ್ತಾರೆ. ಸಭೆಯಲ್ಲೂ ಒಂದು ಸಣ್ಣ ಗಂಟೆ ಇಡಿ, ಆದರೆ ಅದು ಅಧ್ಯಕ್ಷರ ಕೈಯಲ್ಲಿ ಮಾತ್ರ ಇರಕೂಡದು. ಅಧ್ಯಕ್ಷರೊಬ್ಬರೇ ಬಾರಿಸಿದರೆ ಅದು ಎದುರಾಳಿಯ ಬಾಯಿ ಮುಚ್ಚಿಸುವ ಸಾಧನವಾಗುತ್ತದೆ. ಮೇಜಿನ ನಡುವೆ ಇಡಿ, ಯಾರು ಬೇಕಾದರೂ ಬಾರಿಸಲಿ. ಬಾರಿಸಿದ ಮೇಲೆ ಎಲ್ಲರೂ ಮೂರು ಉಸಿರು ಸುಮ್ಮನಿರಬೇಕು. ಆಮೇಲೆ ಮಾತು ಯಾರಲ್ಲಿ ನಿಂತಿತ್ತೋ ಅವರಿಗೇ ಮರಳಬೇಕು. ಈ ಕೊನೆಯ ನಿಯಮವನ್ನು ದಯವಿಟ್ಟು ಬಿಡಬೇಡಿ. ತಮ್ಮ ಸರದಿ ಕಳೆದುಹೋಗುವುದಿಲ್ಲ ಎಂಬ ಖಾತ್ರಿ ಇದ್ದವರು ಕೂಗುವುದು ಕಡಿಮೆ.

ವಿಷಯ ಬಿಸಿಯಾದಾಗ ಇನ್ನೊಂದು ಕ್ರಮವಿದೆ: ಉತ್ತರ ಕೊಡುವವರು ಮೊದಲು ತಾವು ಕೇಳಿಸಿಕೊಂಡದ್ದನ್ನು ಹೇಳಬೇಕು. ‘ಹೌದು, ನಾನು ಹೇಳಿದ್ದು ಅದೇ’ ಎಂದು ಮೊದಲಿನವರು ಒಪ್ಪಿದ ಮೇಲಷ್ಟೇ ತಮ್ಮ ವಾದ. ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ಸಿಟ್ಟಾದವರಿಗೆ ‘ಉಸಿರೆಳೆದುಕೊಳ್ಳಿ, ಸಮಾಧಾನ’ ಎನ್ನಬೇಡಿ. ವಾರಗಟ್ಟಲೆ ನೀರು ಬಾರದ ಮನೆಯವರ ಸಿಟ್ಟಿಗೆ ಕಾರಣವಿದೆ. ದೂರನ್ನು ನಡಾವಳಿಯಲ್ಲಿ ಬರೆದುಕೊಳ್ಳಿ, ಯಾರು ಯಾವಾಗ ಸರಿಪಡಿಸುತ್ತಾರೆಂದು ಅದರ ಪಕ್ಕದಲ್ಲೇ ನಮೂದಿಸಿ. ಅನ್ಯಾಯವನ್ನು ಸಹಿಸಲು ಕಲಿಸುವ ಅಭ್ಯಾಸ ಯಾವ ಸಮುದಾಯಕ್ಕೂ ಬೇಡ. ಒಮ್ಮತವನ್ನೂ ನಿರೀಕ್ಷಿಸಬೇಡಿ. ಬ್ರಿಟನ್ನಿನ ಸಂಸತ್ತಿನಲ್ಲಿ 2013ರಿಂದ ಸದಸ್ಯರಿಗೆ ಮೈಂಡ್‌ಫುಲ್‌ನೆಸ್ ತರಗತಿಗಳು ನಡೆದವು, ಬೇರೆ ಬೇರೆ ಪಕ್ಷದವರು ಜೊತೆಯಲ್ಲಿ ಕೂತರು. ಪಕ್ಷಗಳೇನೂ ಒಂದಾಗಲಿಲ್ಲ, ಆಗಬೇಕಾಗಿಯೂ ಇಲ್ಲ.

ಕೆಲವು ಸಭೆಗಳಾದ ಮೇಲೆ ಹೆಸರಿಲ್ಲದ ಚೀಟಿ ಹಂಚಿ ಎರಡು ಪ್ರಶ್ನೆ ಕೇಳಿ: ನಿಮ್ಮ ಮಾತನ್ನು ಯಾರಾದರೂ ಪೂರ್ತಿ ಕೇಳಿದರೇ? ಇದನ್ನು ಮುಂದುವರಿಸಬೇಕೇ? ಹೆಚ್ಚಿನವರು ಬೇಡವೆಂದರೆ ನಿಲ್ಲಿಸಿಬಿಡಿ.