ಗೋಡೆಯೊಳಗೆ ಸೋರುವ ಸೋಲಾರ್ ಬಿಸಿನೀರಿನ ಲೈನು: ಸುತ್ತಿಗೆ ಎತ್ತುವ ಮೊದಲು

ಗೋಡೆ ಹಸಿಯಾದ ಕಡೆಯೇ ಪೈಪ್ ಒಡೆದಿದೆ ಎಂದು ಗೌಂಡಿಯನ್ನು ಕರೆಸಿ ಟೈಲ್ಸ್ ಕೀಳಿಸುವವರೇ ಹೆಚ್ಚು. ಆದರೆ ಟೈಲ್ಸ್, ಫರಸಿ ಕೆಳಗಿನ ಹಾಸಿನಲ್ಲಿ ನೀರು ಇಳಿಜಾರು ಹಿಡಿದು ಹರಿಯುತ್ತದೆ. ಬಚ್ಚಲಲ್ಲಿ ಸೋರಿದ್ದು ಪಡಸಾಲೆಯ ಗೋಡೆಬುಡದಲ್ಲಿ ಬಿಳಿ ಸವಳಾಗಿ ಏಳಬಹುದು. ವಿಜಯಪುರದ ಮನೆಗಳಲ್ಲಿ ನಾನು ಹಿಡಿದುಕೊಂಡು ಬಂದ ಕ್ರಮ ಇದು.

ಮೊದಲು ಮಾಳಿಗೆ ಮೇಲಿನ ಟಾಕಿ. ರಾತ್ರಿ ಎಲ್ಲ ನಳ, ಫ್ಲಶ್ ಟ್ಯಾಂಕಿನ ವಾಲ್ವ್, ಟಾಕಿಗೆ ನೀರು ಏರುವ ಲೈನು ಬಂದ್ ಮಾಡಿ, ಕೋಲು ಇಳಿಸಿ ಮಟ್ಟ ಅಳೆಯುತ್ತೇನೆ. ಒಳ ಅಡ್ಡಳತೆ 105 ಸೆಂ.ಮೀ. ಇರುವ ಟಾಕಿಯಲ್ಲಿ 1 ಸೆಂ.ಮೀ. ಇಳಿದರೆ ಸುಮಾರು 8.7 ಲೀಟರ್ ಹೋದಂತೆ. ಸೋಲಾರ್‌ಗೂ ನೀರು ಈ ಟಾಕಿಯಿಂದಲೇ ಹೋಗುವುದರಿಂದ ಮರುರಾತ್ರಿ ಸೋಲಾರ್‌ನಿಂದ ಬಿಸಿನೀರು ಹೊರಡುವ ವಾಲ್ವನ್ನೂ ಬಂದ್ ಮಾಡಿ ಮತ್ತೆ ಅಳತೆ. ಇಳಿಯುವುದು ನಿಂತರೆ ಸೋರಿಕೆ ಬಿಸಿ ಲೈನಿನಲ್ಲಿದೆ. ನಿಲ್ಲದಿದ್ದರೆ ತಣ್ಣೀರಿನ ಲೈನು, ಇಲ್ಲವೇ ಸೋಲಾರ್‌ನ ಏರ್ ವೆಂಟ್ (ಗಾಳಿ ಹೊರಹೋಗುವ ಪೈಪ್). ವೆಂಟ್ ಪೈಪಿನ ತುದಿ ಟಾಕಿಯ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ನೀರು ಮಾಳಿಗೆ ಮೇಲೆ ಚೆಲ್ಲುತ್ತಲೇ ಇರುತ್ತದೆ. ನಮ್ಮ ಬಿಸಿಲಿಗೆ ಅದು ಯಾರೂ ನೋಡುವ ಮೊದಲೇ ಆರಿಹೋಗುತ್ತದೆ.

ಇಲ್ಲೊಂದು ಮೋಸ ಇದೆ. ಬಿಸಿ ವಾಲ್ವ್ ಬಂದ್ ಇರುವಾಗ ಅಡುಗೆಮನೆಯ ಬಿಸಿನೀರಿನ ನಳ ಬಿಟ್ಟು ನೋಡಿ. ಪೈಪಿನಲ್ಲಿ ಉಳಿದ ನೀರು ಮುಗಿದ ಮೇಲೂ ಧಾರೆ ನಿಲ್ಲದಿದ್ದರೆ ಯಾವುದೋ ಮಿಕ್ಸರ್ (ಬಿಸಿನೀರು-ತಣ್ಣೀರು ಬೆರೆಸುವ ನಳ) ಮೂಲಕ ತಣ್ಣೀರು ಬಿಸಿ ಲೈನಿಗೆ ನುಗ್ಗುತ್ತಿದೆ, ಅಥವಾ ಆ ವಾಲ್ವೇ ಪೂರ್ತಿ ಮುಚ್ಚುತ್ತಿಲ್ಲ. ಅದು ಸರಿಯಾಗುವವರೆಗೆ ಟಾಕಿ ಅಳತೆಗೆ ಅರ್ಥವಿಲ್ಲ.

ಆಮೇಲೆ ಒತ್ತಡ ಪರೀಕ್ಷೆ. ಸೋಲಾರನ್ನು ಲೈನಿನಿಂದ ಬಿಚ್ಚಲೇಬೇಕು. ಮನೆಗಳಲ್ಲಿರುವ ಸಾಮಾನ್ಯ ಸೋಲಾರ್ ಟಾಕಿ ಒತ್ತಡ ತಡೆಯುವುದಿಲ್ಲ. ಮಿಕ್ಸರ್‌ಗಳನ್ನು ತೆಗೆದು ಅರ್ಧ ಇಂಚಿನ ಪ್ಲಗ್‌ಗಳಿಗೆ ಟೆಫ್ಲಾನ್ ಟೇಪ್ ಸುತ್ತಿ ಹಾಕಿ, ಲೈನಿಗೆ ನೀರು ತುಂಬಿ, ಅತಿ ಮೇಲಿನ ತುದಿಯಿಂದ ಗಾಳಿ ಪೂರ್ತಿ ಹೊರಬಿಟ್ಟು, ಕೈಪಂಪಿನಿಂದ ಒತ್ತಡವನ್ನು 5 ಕೆ.ಜಿ.ಗೆ (ಚದರ ಸೆಂ.ಮೀ.ಗೆ) ಏರಿಸುತ್ತೇನೆ. ಹತ್ತು ನಿಮಿಷದಲ್ಲಿ ಪೈಪ್ ಹಿಗ್ಗಿ ಗೇಜಿನ ಮುಳ್ಳು ತುಸು ಇಳಿಯುತ್ತದೆ. ಒಮ್ಮೆ ಮತ್ತೆ 5ಕ್ಕೆ ಏರಿಸಿ ಒಂದು ತಾಸು ಬಿಡುವುದು. ಈ ಕೆಲಸ ಬೆಳಿಗ್ಗೆ ಬೇಗ ಮಾಡಬೇಕು. ಮಧ್ಯಾಹ್ನ ಮಾಳಿಗೆಯ ಪೈಪ್ ಕಾದು ಒತ್ತಡ ತಾನೇ ಏರುತ್ತದೆ, ಮೋಡ ಬಂದರೆ ಇಳಿಯುತ್ತದೆ, ಗೇಜನ್ನು ನಂಬಲಾಗುವುದಿಲ್ಲ. ನಿಮಿಷಗಳಲ್ಲಿ ಸೊನ್ನೆಗೆ ಬಿದ್ದರೆ ಬಿರುಕು ಅಥವಾ ಕಳಚಿದ ಜಾಯಿಂಟ್. ತಾಸಿಗೆ ಅರ್ಧ ಕೆ.ಜಿ. ಇಳಿದರೆ ಬಹುತೇಕ ಮಿಕ್ಸರ್ ಹಿಂದಿನ ಹಿತ್ತಾಳೆ ಎಲ್ಬೋದ (ಪೈಪ್ ತಿರುಗಿಸುವ ತುಂಡು) ಚೂಡಿಯಲ್ಲಿ (ತಿರುಪಿನ ಗೆರೆಗಳಲ್ಲಿ) ಒಸರುತ್ತಿರುತ್ತದೆ. ಒತ್ತಡ ಇರುವಾಗಲೇ ಉದ್ದ ಸ್ಕ್ರೂಡ್ರೈವರ್ ತುದಿಯನ್ನು ಗೋಡೆಗೆ, ಹಿಡಿಯನ್ನು ಕಿವಿಗೆ ಒತ್ತಿ ಅಡಿ ಅಡಿಗೂ ಕೇಳಬೇಕು. ಬಿರುಕಿನ ಹತ್ತಿರ ಸುಯ್ ಎನ್ನುತ್ತದೆ.

ಬಿಸಿ ಲೈನು ಕೆಡಲು ಕಾರಣ ಹೆಚ್ಚಾಗಿ ಎರಡು. ಬಿಸಿನೀರು ತಡೆಯುವ ಸಿ.ಪಿ.ವಿ.ಸಿ. ಪ್ಲಾಸ್ಟಿಕ್ ಪೈಪಿನ ಬದಲು ತಣ್ಣೀರಿನ ಅಗ್ಗದ ಯು.ಪಿ.ವಿ.ಸಿ. ತುಂಡು ಸೇರಿಸಿರುತ್ತಾರೆ, ಬೇಸಿಗೆಯ ಸೋಲಾರ್ ನೀರಿಗೆ ಅದು ಮೆತ್ತಗಾಗುತ್ತದೆ. ಎರಡನೆಯದು, ಪೈಪಿಗೆ ಅಲುಗಾಡಲು ಜಾಗವಿಲ್ಲದಂತೆ ಸಿಮೆಂಟ್ ತುರುಕುವುದು. 3 ಮೀಟರ್ ಸಿ.ಪಿ.ವಿ.ಸಿ. ಪೈಪ್ 50 ಡಿಗ್ರಿ ಬಿಸಿ ಏರಿದರೆ ಸುಮಾರು 10 ಮಿ.ಮೀ. ಉದ್ದವಾಗುತ್ತದೆ, ಆ ಎಳೆತ ಎಲ್ಬೋಗೆ ಬೀಳುತ್ತದೆ.

ಕೆಟ್ಟ ತುಂಡು ಬದಲಿಸಿ ಸೊಲ್ಯೂಶನ್ (ಪೈಪ್ ಅಂಟಿಸುವ ಗೋಂದು) ಹಚ್ಚುವಾಗ ಪೈಪ್ ಒಣಗಿರಲೇಬೇಕು. ಹನಿ ನಿಲ್ಲದಿದ್ದರೆ ಬಿಳಿ ಬ್ರೆಡ್ಡಿನ ಉಂಡೆಯನ್ನು ಪೈಪಿನೊಳಗೆ ತುರುಕಿದರೆ ಸಾಕು, ಆಮೇಲೆ ಕರಗಿ ಬರುತ್ತದೆ (ಜೋಳದ ರೊಟ್ಟಿಯಿಂದ ಈ ಕೆಲಸ ಆಗದು). ಅದನ್ನು ಮಿಕ್ಸರ್ ಹಾಕುವ ಮೊದಲೇ ತೊಳೆದು ಹೊರಹಾಕಿ, ಇಲ್ಲದಿದ್ದರೆ ಅದರ ಜಾಲರಿ ಕಟ್ಟಿಕೊಳ್ಳುತ್ತದೆ. 24 ತಾಸು ಬಿಟ್ಟು ಮತ್ತೆ 5 ಕೆ.ಜಿ. ಏರಿಸಿ ನೋಡಬೇಕು. ಅದು ತಣ್ಣೀರಿನ ಪರೀಕ್ಷೆ ಅಷ್ಟೇ. ಸೋಲಾರ್ ಜೋಡಿಸಿ ಎರಡು ದಿನ ಬಿಸಿನೀರು ಹರಿಸಿದ ಮೇಲೆಯೇ ಒಡೆದ ಜಾಗ ಮುಚ್ಚಲು ಗೌಂಡಿಗೆ ಹೇಳುತ್ತೇನೆ.